ಸರದಿಯಿಂದ ಸ್ಪರ್ಧೆಗೆ: ಭಾರತದ ದೂರಸಂಪರ್ಕ ಪೇಟೆ ಬೆಳೆದ ಬಗೆ



ಒಂದು ಸರಳ ಪ್ರಶ್ನೆಯಿಂದ ಆರಂಭಿಸೋಣ. ಅಕ್ಕಿ, ಬೇಳೆ, ಬಟ್ಟೆ, ಬಸ್ಸಿನ ಟಿಕೆಟ್ಟು ಇವುಗಳ ಬೆಲೆ ಕಳೆದ ಮೂವತ್ತು ವರ್ಷಗಳಲ್ಲಿ ಏನಾಗಿದೆ ಎಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಎಲ್ಲದಕ್ಕೂ ಒಂದೇ ಉತ್ತರ ಬರುತ್ತದೆ: ಏರಿದೆ. ಈಗ ಫೋನಿನಲ್ಲಿ ಒಂದು ನಿಮಿಷ ಮಾತನಾಡುವ ಬೆಲೆ ಏನಾಗಿದೆ ಎಂದು ಕೇಳಿ. 1995ರಲ್ಲಿ ನಮ್ಮ ದೇಶಕ್ಕೆ ಮೊಬೈಲ್ ಸೇವೆ ಕಾಲಿಟ್ಟಾಗ ದಟ್ಟಣೆಯ ಹೊತ್ತಿನಲ್ಲಿ ನಿಮಿಷಕ್ಕೆ ಹದಿನಾರು ರೂಪಾಯಿಯವರೆಗೂ ಕೊಡಬೇಕಾಗಿತ್ತು. ಕರೆ ಮಾಡಿದವರಷ್ಟೇ ಅಲ್ಲ, ಕರೆ ಸ್ವೀಕರಿಸಿದವರೂ ಹಣ ತೆರಬೇಕಾಗಿತ್ತು. ಇಂದು ಮಾತಿಗೆ ಬೇರೆಯಾಗಿ ಬೆಲೆಯೇ ಇಲ್ಲವೆನ್ನಬಹುದು. ತಿಂಗಳ ರೀಚಾರ್ಜ್ ಮಾಡಿಸಿದರೆ ಎಷ್ಟು ಬೇಕಾದರೂ ಮಾತನಾಡಬಹುದು.

ಎಲ್ಲ ವಸ್ತುಗಳ ಬೆಲೆ ಏರುವಾಗ ಇದೊಂದರ ಬೆಲೆ ಹೀಗೆ ಕುಸಿದದ್ದು ಹೇಗೆ? ವಿಜ್ಞಾನ ಬೆಳೆಯಿತು, ಆದ್ದರಿಂದ ಅಗ್ಗವಾಯಿತು ಎಂದು ನೀವು ಹೇಳಬಹುದು. ಅದು ಅರ್ಧ ಉತ್ತರ ಮಾತ್ರ. ಇದೇ ತಂತ್ರಜ್ಞಾನ ಜಗತ್ತಿನ ಎಲ್ಲ ದೇಶಗಳಿಗೂ ಸಿಕ್ಕಿತು; ಬೆಲೆ ಮಾತ್ರ ಎಲ್ಲೆಡೆಯೂ ಒಂದೇ ರೀತಿ ಇಳಿಯಲಿಲ್ಲ. ಉಳಿದ ಅರ್ಧ ಉತ್ತರ ಪೇಟೆಯಲ್ಲಿದೆ, ಸರ್ಕಾರದ ನೀತಿಯಲ್ಲಿದೆ, ನ್ಯಾಯಾಲಯದ ತೀರ್ಪುಗಳಲ್ಲಿದೆ. ಈ ಲೇಖನದಲ್ಲಿ ಆ ಅರ್ಧವನ್ನು ನೋಡೋಣ.

ಸರದಿಯ ಕಾಲ

ಭಾರತಕ್ಕೆ ದೂರವಾಣಿ ಬಂದದ್ದು ತಡವಾಗಿಯೇನೂ ಅಲ್ಲ. ಗ್ರಹಾಂ ಬೆಲ್ ದೂರವಾಣಿಗೆ ಪೇಟೆಂಟ್ ಪಡೆದದ್ದು 1876ರಲ್ಲಿ. ಆರೇ ವರ್ಷಗಳಲ್ಲಿ, 1882ರಲ್ಲಿ, ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು ಆರಂಭವಾದವು. ಬಂದದ್ದು ಬೇಗ; ಹರಡಿದ್ದು ಮಾತ್ರ ಬಹಳ ನಿಧಾನ. ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿ ಇದ್ದ ದೂರವಾಣಿಗಳು ಒಂದು ಲಕ್ಷಕ್ಕಿಂತ ಕಡಿಮೆ. 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐ.ಟಿ.ಐ. ಕಾರ್ಖಾನೆ ಹುಟ್ಟಿತು. ಇಂದಿಗೂ ಆ ಪ್ರದೇಶಕ್ಕೆ ದೂರವಾಣಿನಗರ ಎಂಬ ಹೆಸರಿದೆ.

1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯಲ್ಲಿ ಸರ್ಕಾರವೇ ಕೊಟ್ಟ ಲೆಕ್ಕ ಗಮನಿಸಿ. ದೇಶದಲ್ಲಿ ಇದ್ದ ದೂರವಾಣಿ ಸಂಪರ್ಕಗಳು ಸುಮಾರು 80 ಲಕ್ಷ. ಅರ್ಜಿ ಹಾಕಿ ಸರದಿಯಲ್ಲಿ ಕಾಯುತ್ತಿದ್ದವರು ಸುಮಾರು 25 ಲಕ್ಷ. ನೂರು ಜನರಿಗೆ ಎಷ್ಟು ದೂರವಾಣಿ ಎಂಬ ಲೆಕ್ಕಕ್ಕೆ ದೂರವಾಣಿ ಸಾಂದ್ರತೆ ಎನ್ನುತ್ತಾರೆ. ಅಂದು ಪ್ರಪಂಚದ ಸರಾಸರಿ 10 ಆಗಿದ್ದರೆ ನಮ್ಮದು 0.8. ನೂರು ಜನರ ಪಾಲಿಗೆ ಒಂದು ಪೂರ್ತಿ ದೂರವಾಣಿಯೂ ಇರಲಿಲ್ಲ!

ಫೋನು ಸಿಗಲು ವರ್ಷಗಟ್ಟಲೆ ಕಾಯಬೇಕಾಗಿತ್ತು. ಮೊದಲೇ ದೊಡ್ಡ ಮೊತ್ತ ಕಟ್ಟಿದವರಿಗೆ ಬೇರೆಯದೇ ಸರದಿ. ಪರಊರಿಗೆ ಮಾತನಾಡಲು ಟ್ರಂಕ್ ಕರೆ ಬುಕ್ ಮಾಡಿ ಗಂಟೆಗಟ್ಟಲೆ ಕಾಯುವುದು ಎಲ್ಲರಿಗೂ ಅಭ್ಯಾಸವಾಗಿತ್ತು. ಆ ಕರೆಗಳಲ್ಲೂ ಸಾಧಾರಣ, ಅರ್ಜೆಂಟ್, ಲೈಟ್ನಿಂಗ್ ಎಂಬ ಮೂರು ದರ್ಜೆ. ಹೆಚ್ಚು ಹಣ ಕೊಟ್ಟವರಿಗೆ ಕಾಯುವುದು ಕಡಿಮೆ. ಫೋನು ಎಂದರೆ ಅಧಿಕಾರಿಯ ಮೇಜಿನ ಮೇಲೆ, ವ್ಯಾಪಾರಿಯ ಗದ್ದಿಗೆಯ ಪಕ್ಕದಲ್ಲಿ ಇರುವ ವಸ್ತು ಎಂದೇ ಜನ ತಿಳಿದಿದ್ದರು.

ಒಬ್ಬರೇ ಏಕೆ ನಡೆಸುತ್ತಿದ್ದರು?

ಅಂದು ದೂರವಾಣಿ ಸೇವೆ ಸರ್ಕಾರದ ಏಕಸ್ವಾಮ್ಯವಾಗಿತ್ತು. ಇದು ನಮ್ಮ ದೇಶದ ವಿಶೇಷವೇನಲ್ಲ. ಹೆಚ್ಚಿನ ದೇಶಗಳಲ್ಲಿ ಹಾಗೆಯೇ ಇತ್ತು. ಅದಕ್ಕೆ ಅರ್ಥಶಾಸ್ತ್ರದಲ್ಲಿ ಒಂದು ಸಮರ್ಥನೆಯೂ ಇದೆ.

ನಿಮ್ಮ ಬೀದಿಯಲ್ಲಿ ಎರಡು ಕಂಪನಿಗಳು ಎರಡು ಸಾಲು ಕಂಬ ನೆಟ್ಟು, ಎರಡು ಬಾರಿ ರಸ್ತೆ ಅಗೆದು, ಎರಡು ಕೇಬಲ್ ಹಾಕಿದರೆ ಖರ್ಚು ಇಮ್ಮಡಿ. ಗಿರಾಕಿಗಳು ಮಾತ್ರ ಅಷ್ಟೇ. ಆದ್ದರಿಂದ ಒಬ್ಬರೇ ತಂತಿ ಎಳೆದರೆ ಎಲ್ಲರಿಗೂ ಅಗ್ಗ. ನೀರು, ವಿದ್ಯುತ್ತು, ರೈಲ್ವೆಗಳ ಹಾಗೆ ದೂರವಾಣಿಯನ್ನೂ ‘ಸಹಜ ಏಕಸ್ವಾಮ್ಯ’ ಎಂದು ಕರೆಯುತ್ತಿದ್ದುದು ಇದಕ್ಕಾಗಿಯೇ.

ಇನ್ನೊಂದು ಕಾರಣವೂ ಇದೆ. ಕಾಗದ, ಪೆನ್ಸಿಲು ತೆಗೆದುಕೊಳ್ಳಿ. ಒಂದು ಊರಿನಲ್ಲಿ 2 ಫೋನುಗಳಿದ್ದರೆ ಒಂದೇ ಜೋಡಿ ಮಾತನಾಡಬಹುದು. 10 ಫೋನುಗಳಿದ್ದರೆ 45 ಜೋಡಿಗಳು. 100 ಫೋನುಗಳಿದ್ದರೆ 4,950 ಜೋಡಿಗಳು. ಫೋನುಗಳು ಹತ್ತು ಪಟ್ಟಾದಾಗ ಜೋಡಿಗಳು ನೂರು ಪಟ್ಟಿಗೂ ಮಿಕ್ಕಿ ಬೆಳೆದವು. ಬಳಸುವವರು ಹೆಚ್ಚಾದಷ್ಟೂ ಪ್ರತಿಯೊಬ್ಬರಿಗೂ ಅದರ ಬೆಲೆ ಹೆಚ್ಚುತ್ತದೆ. ಇದನ್ನು ‘ಜಾಲದ ಪರಿಣಾಮ’ ಎನ್ನುತ್ತಾರೆ. ದೊಡ್ಡ ಜಾಲ ಇನ್ನೂ ದೊಡ್ಡದಾಗುತ್ತದೆ. ಚಿಕ್ಕ ಜಾಲಕ್ಕೆ ಸೇರುವವರೇ ಇರುವುದಿಲ್ಲ. ಇಂಥ ಕಡೆ ಪೈಪೋಟಿ ತಾನಾಗಿಯೇ ಹುಟ್ಟುವುದು ಕಷ್ಟ.

ಆದರೆ ಏಕಸ್ವಾಮ್ಯಕ್ಕೆ ಒಂದು ರೋಗವಿದೆ. ಗಿರಾಕಿ ಬೇರೆಲ್ಲಿಗೂ ಹೋಗಲಾರ ಎಂದು ಗೊತ್ತಿರುವ ಅಂಗಡಿಗೆ ಸರದಿ ಕರಗಿಸುವ ಅವಸರವಿರುವುದಿಲ್ಲ. ಜೊತೆಗೆ, ದೂರವಾಣಿಯನ್ನು ಶ್ರೀಮಂತರ ಸೌಕರ್ಯ ಎಂದು ಯೋಜನೆ ಮಾಡುವವರೇ ತಿಳಿದಿದ್ದುದರಿಂದ ಹಣವೂ ಸಾಕಷ್ಟು ದೊರೆಯುತ್ತಿರಲಿಲ್ಲ.

ಕಿತ್ತೂರಿನ ವಿನಿಮಯ ಕೇಂದ್ರ

ಬದಲಾವಣೆಯ ಮೊದಲ ಹೆಜ್ಜೆ ಸ್ಪರ್ಧೆಯಲ್ಲ, ಸ್ವಂತ ತಂತ್ರಜ್ಞಾನ. 1984ರಲ್ಲಿ ಸಿ-ಡಾಟ್ ಎಂಬ ಸಂಶೋಧನಾ ಸಂಸ್ಥೆಯನ್ನು ಸರ್ಕಾರ ಸ್ಥಾಪಿಸಿತು. ಅಮೆರಿಕದಲ್ಲಿ ದೂರಸಂಪರ್ಕ ಎಂಜಿನಿಯರ್ ಆಗಿದ್ದ ಸ್ಯಾಮ್ ಪಿತ್ರೋಡಾ ಇದರ ಹಿಂದಿನ ಮುಖ್ಯ ಪ್ರೇರಕ. ವಿದೇಶದ ವಿನಿಮಯ ಕೇಂದ್ರಗಳು ದೊಡ್ಡ ನಗರಗಳಿಗೆಂದು ರೂಪಿಸಿದಂಥವು. ಅವಕ್ಕೆ ಹವಾನಿಯಂತ್ರಿತ ಕೊಠಡಿ ಬೇಕು. ನಮ್ಮ ಹಳ್ಳಿಗಳಲ್ಲಿ ಧೂಳು, ಸೆಕೆ, ಬಂದುಹೋಗುವ ವಿದ್ಯುತ್ತು. ಇವನ್ನೆಲ್ಲ ತಾಳಿಕೊಳ್ಳುವ, 128 ಮಾರ್ಗಗಳ ಚಿಕ್ಕ ಗ್ರಾಮೀಣ ವಿನಿಮಯ ಕೇಂದ್ರವನ್ನು ನಮ್ಮ ಎಂಜಿನಿಯರುಗಳು ರೂಪಿಸಿದರು. ಅಂಥ ಮೊದಲ ಕೇಂದ್ರ 1986ರಲ್ಲಿ ಕೆಲಸ ಆರಂಭಿಸಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಊರಿಗೆ ಈ ಹೆಮ್ಮೆಯೂ ಸಲ್ಲುತ್ತದೆ.

ಇದೇ ಕಾಲದಲ್ಲಿ ಆಡಳಿತವೂ ಬದಲಾಯಿತು. 1985ರಲ್ಲಿ ಅಂಚೆ ಮತ್ತು ದೂರಸಂಪರ್ಕ ಇಲಾಖೆಗಳು ಬೇರೆಬೇರೆಯಾದವು. 1986ರಲ್ಲಿ ದೆಹಲಿ, ಮುಂಬಯಿ ನಗರಗಳಿಗೆ ಎಂ.ಟಿ.ಎನ್.ಎಲ್., ವಿದೇಶ ಸಂಪರ್ಕಕ್ಕೆ ವಿ.ಎಸ್.ಎನ್.ಎಲ್. ಎಂಬ ಸರ್ಕಾರಿ ಕಂಪನಿಗಳು ಹುಟ್ಟಿದವು. ಊರೂರಿನ ಬಸ್ ನಿಲ್ದಾಣದ ಬಳಿ ಹಳದಿ ಫಲಕದ ಎಸ್.ಟಿ.ಡಿ. ಬೂತುಗಳು ತಲೆಯೆತ್ತಿದವು. ರಾತ್ರಿ ದರ ಇಳಿಯುವ ಹೊತ್ತಿಗೆ ಅಲ್ಲಿ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ಗೋಡೆಯ ಮೇಲೆ ಕೆಂಪು ಅಂಕಿಗಳು ಓಡುತ್ತಿದ್ದವು. ಫೋನು ಸ್ವಂತದ್ದಾಗಿರಬೇಕಿಲ್ಲ, ಕೈಗೆಟುಕಿದರೆ ಸಾಕು ಎಂಬ ವಿಚಾರ ಆ ಬೂತುಗಳಿಂದ ಜನರಿಗೆ ಮನದಟ್ಟಾಯಿತು.

ಬಾಗಿಲು ತೆರೆದಾಗ

1991ರ ಆರ್ಥಿಕ ಸುಧಾರಣೆಗಳ ನಂತರ ದೂರಸಂಪರ್ಕಕ್ಕೂ ಖಾಸಗಿಯವರು ಬರಲಿ ಎಂಬ ನಿರ್ಧಾರವಾಯಿತು. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತದಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರೊಡನೆ ಮೊಬೈಲಿನಲ್ಲಿ ಮಾತನಾಡಿದರು. ಅದು ದೇಶದ ಮೊದಲ ಮೊಬೈಲ್ ಕರೆ.

ದೇಶವನ್ನು ವಲಯಗಳಾಗಿ ವಿಂಗಡಿಸಿ ಪ್ರತಿ ವಲಯಕ್ಕೂ ಇಬ್ಬರಿಗೆ ಪರವಾನಗಿ ಕೊಡಲಾಯಿತು. ಕರ್ನಾಟಕ ವಲಯದಲ್ಲಿ ಜೆ.ಟಿ. ಮೊಬೈಲ್ಸ್ ಮತ್ತು ಸ್ಪೈಸ್ ಆ ಇಬ್ಬರು. ಇಲ್ಲೇ ಒಂದು ಪಾಠವಿದೆ. ಹರಾಜಿನ ಹುರುಪಿನಲ್ಲಿ ಕಂಪನಿಗಳು ಭಾರಿ ಮೊತ್ತದ ಪರವಾನಗಿ ಶುಲ್ಕ ಕೂಗಿದ್ದವು. ಅಷ್ಟು ಶುಲ್ಕ ಕಟ್ಟಬೇಕಾದರೆ ಕರೆಯ ದರ ಹೆಚ್ಚಿರಬೇಕು. ದರ ಹೆಚ್ಚಾದರೆ ಗಿರಾಕಿ ಬರುವುದಿಲ್ಲ. ಗಿರಾಕಿ ಬಾರದಿದ್ದರೆ ಶುಲ್ಕ ಕಟ್ಟಲಾಗದು. 1999ರ ಮಾರ್ಚ್ ವೇಳೆಗೆ ಇಡೀ ದೇಶದಲ್ಲಿ ಮೊಬೈಲ್ ಇದ್ದವರು ಸುಮಾರು 12 ಲಕ್ಷ ಮಾತ್ರ. ಹರಾಜಿನಲ್ಲಿ ಗೆದ್ದವರು ಗೆದ್ದೇ ಸೋತರು. ಅರ್ಥಶಾಸ್ತ್ರಜ್ಞರು ಇದನ್ನು ‘ಗೆದ್ದವರ ಶಾಪ’ ಎನ್ನುತ್ತಾರೆ.

1999ರ ಹೊಸ ನೀತಿ ಈ ಗಂಟನ್ನು ಬಿಡಿಸಿತು. ಮೊದಲೇ ಗೊತ್ತುಮಾಡಿದ ಶುಲ್ಕದ ಬದಲು ಗಳಿಸಿದ ವರಮಾನದಲ್ಲಿ ಒಂದು ಪಾಲು ಕೊಟ್ಟರೆ ಸಾಕು ಎಂದಾಯಿತು. ಗದ್ದೆಗೆ ನಿಗದಿ ಗೇಣಿ ಕೊಡುವುದಕ್ಕೂ ಬೆಳೆದುದರಲ್ಲಿ ಪಾಲು ಕೊಡುವುದಕ್ಕೂ ಇರುವ ವ್ಯತ್ಯಾಸವೇ ಇದು. ಬೆಳೆ ಕಡಿಮೆಯಾದ ವರ್ಷ ಪಾಲೂ ಕಡಿಮೆ. ಕಂಪನಿಗಳಿಗೆ ಉಸಿರಾಡಲು ಆಯಿತು; ದರ ಇಳಿಸಿ ಹೆಚ್ಚು ಗಿರಾಕಿಗಳನ್ನು ಸೇರಿಸುವ ದಾರಿ ತೆರೆಯಿತು.

ಕಣ್ಣಿಗೆ ಕಾಣದ ಭೂಮಿ

ಈಗ ಸ್ವಲ್ಪ ಭೌತವಿಜ್ಞಾನ. ಮೊಬೈಲ್ ಸೇವೆಯ ಕಚ್ಚಾ ಪದಾರ್ಥ ರೇಡಿಯೋ ತರಂಗಗಳು. ಒಬ್ಬರು ಬಳಸುವ ಆವರ್ತಾಂಕವನ್ನು ಅದೇ ಜಾಗದಲ್ಲಿ, ಅದೇ ಕ್ಷಣದಲ್ಲಿ ಇನ್ನೊಬ್ಬರು ಬಳಸಿದರೆ ಎರಡೂ ಕೆಡುತ್ತವೆ. ಆದ್ದರಿಂದ ಆವರ್ತಾಂಕಗಳನ್ನು ಹೊಲದ ಪಟ್ಟಿಗಳ ಹಾಗೆ ಅಳೆದು ಹಂಚಬೇಕು. ಹೀಗೆ ಹಂಚುವ ಪಟ್ಟಿಯೇ ತರಂಗಾಂತರ, ರೂಢಿಯಲ್ಲಿ ಸ್ಪೆಕ್ಟ್ರಮ್.

ಆರಂಭದಲ್ಲಿ ಒಂದು ಕಂಪನಿಗೆ ಕೊಟ್ಟದ್ದು ಹೋಗಲು 4.4, ಬರಲು 4.4 ಮೆಗಾಹರ್ಟ್ಸ್. ಆಗಿನ ಜಿ.ಎಸ್.ಎಂ. ಪದ್ಧತಿಯಲ್ಲಿ ಒಂದು ವಾಹಕಕ್ಕೆ 0.2 ಮೆಗಾಹರ್ಟ್ಸ್ ಬೇಕು. ಅಂದರೆ 22 ವಾಹಕಗಳು. ಒಂದು ವಾಹಕದಲ್ಲಿ ಕಾಲವನ್ನು ಎಂಟು ಚೂರುಗಳಾಗಿ ಹಂಚಿ 8 ಮಾತುಗಳನ್ನು ಸಾಗಿಸಬಹುದು. ಒಟ್ಟು 176. ಅದರಲ್ಲೂ ಕೆಲವು ಚೂರುಗಳು ಜಾಲದ ನಿಯಂತ್ರಣಕ್ಕೆ ಬೇಕು. ಇಷ್ಟರಲ್ಲಿ ಇಡೀ ಬೆಂಗಳೂರು ಮಾತನಾಡುವುದು ಹೇಗೆ?

ಉತ್ತರ ‘ಕೋಶ’ ಎಂಬ ಕಲ್ಪನೆಯಲ್ಲಿದೆ. ಊರನ್ನು ಜೇನುಗೂಡಿನ ಕಣ್ಣುಗಳಂತೆ ಸಣ್ಣ ಸಣ್ಣ ಕೋಶಗಳಾಗಿ ವಿಂಗಡಿಸಿ, ಪ್ರತಿ ಕೋಶಕ್ಕೂ ಒಂದು ಗೋಪುರ. ಅಕ್ಕಪಕ್ಕದ ಕೋಶಗಳಿಗೆ ಬೇರೆ ಬೇರೆ ಆವರ್ತಾಂಕ. ಸ್ವಲ್ಪ ದೂರದ ಕೋಶದಲ್ಲಿ ಮೊದಲಿನದೇ ಮತ್ತೆ ಬಳಕೆ. ಶಕ್ತಿ ಕಡಿಮೆಯಿರುವುದರಿಂದ ಒಂದು ಇನ್ನೊಂದನ್ನು ಕೆಡಿಸದು. ಕೋಶ ಚಿಕ್ಕದಾದಷ್ಟೂ ಅದೇ ಆವರ್ತಾಂಕ ಹೆಚ್ಚು ಸಲ ಬಳಕೆಗೆ ಬರುತ್ತದೆ. ಆಂಗ್ಲ ಭಾಷೆಯಲ್ಲಿ ಮೊಬೈಲಿಗೆ ‘ಸೆಲ್ ಫೋನು’ ಎಂಬ ಹೆಸರು ಬಂದದ್ದೂ ಇದರಿಂದಲೇ.

ಇದರಿಂದ ಪೇಟೆಗೆ ಎರಡು ಪರಿಣಾಮಗಳಾದವು. ಮೊದಲನೆಯದು, ಬೀದಿ ಅಗೆದು ಮನೆಮನೆಗೆ ತಂತಿ ಎಳೆಯಬೇಕಿಲ್ಲವಾದ್ದರಿಂದ ‘ಸಹಜ ಏಕಸ್ವಾಮ್ಯ’ದ ವಾದ ಸಡಿಲವಾಯಿತು, ಹಲವರು ಅಕ್ಕಪಕ್ಕದಲ್ಲೇ ಸೇವೆ ಕೊಡುವುದು ಸಾಧ್ಯವಾಯಿತು. ಎರಡನೆಯದು, ಈ ತರಂಗಾಂತರ ದೇಶದ ಜನರೆಲ್ಲರ ಆಸ್ತಿ, ಅದೂ ಮಿತವಾದ ಆಸ್ತಿ. ಅದನ್ನು ಯಾರಿಗೆ, ಯಾವ ಬೆಲೆಗೆ ಕೊಡಬೇಕು ಎಂಬುದು ದೊಡ್ಡ ಪ್ರಶ್ನೆಯಾಯಿತು.

ಆಟಕ್ಕೊಬ್ಬ ತೀರ್ಪುಗಾರ

ಕಬಡ್ಡಿ ಪಂದ್ಯದಲ್ಲಿ ಒಂದು ತಂಡದ ನಾಯಕನೇ ತೀರ್ಪುಗಾರನಾದರೆ ಹೇಗಿರುತ್ತದೆ? 1990ರ ದಶಕದ ಮೊದಲ ಭಾಗದಲ್ಲಿ ನಮ್ಮ ದೂರಸಂಪರ್ಕ ಇಲಾಖೆಯ ಸ್ಥಿತಿ ಅದೇ ಆಗಿತ್ತು. ಪರವಾನಗಿ ಕೊಡುವುದೂ ಅದೇ, ಸೇವೆ ಮಾರುವುದೂ ಅದೇ. 1997ರಲ್ಲಿ ಭಾರತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್ ಸ್ಥಾಪನೆಯಾಯಿತು. 2000ದಲ್ಲಿ ವಿವಾದಗಳ ವಿಚಾರಣೆಗೆ ಪ್ರತ್ಯೇಕ ನ್ಯಾಯಮಂಡಳಿ ಬಂದಿತು. ಅದೇ ವರ್ಷ ಅಕ್ಟೋಬರ್ 1ರಂದು ಇಲಾಖೆಯ ಸೇವಾ ವಿಭಾಗ ಬಿ.ಎಸ್.ಎನ್.ಎಲ್. ಎಂಬ ಪ್ರತ್ಯೇಕ ಕಂಪನಿಯಾಯಿತು.

ತೀರ್ಪುಗಾರ ಬಗೆಹರಿಸಬೇಕಾದ ಅತಿ ಮುಖ್ಯ ಜಗಳ ಯಾವುದು ಗೊತ್ತೇ? ಅಂತರ್ಜೋಡಣೆ. ಒಂದು ಕಂಪನಿಯ ಗಿರಾಕಿ ಇನ್ನೊಂದು ಕಂಪನಿಯ ಗಿರಾಕಿಗೆ ಕರೆ ಮಾಡಬೇಕಾದರೆ ಎರಡು ಜಾಲಗಳೂ ಒಂದೆಡೆ ಕೂಡಬೇಕು. ದೊಡ್ಡ ಕಂಪನಿ ಹೊಸಬರನ್ನು ತನ್ನ ಜಾಲಕ್ಕೆ ಸೇರಿಸಿಕೊಳ್ಳದಿದ್ದರೆ ಹೊಸಬರ ಗಿರಾಕಿಗಳು ತಮ್ಮತಮ್ಮೊಳಗೇ ಮಾತನಾಡಿಕೊಳ್ಳಬೇಕು! ಮೇಲಿನ ಜೋಡಿಗಳ ಲೆಕ್ಕ ನೆನಪಿಸಿಕೊಳ್ಳಿ. ಆದ್ದರಿಂದ ಅಂತರ್ಜೋಡಣೆಯನ್ನು ಕಡ್ಡಾಯ ಮಾಡಿ, ಕರೆ ಮುಟ್ಟಿಸಿದ ಕಂಪನಿಗೆ ಸಲ್ಲಬೇಕಾದ ಶುಲ್ಕವನ್ನು ಟ್ರಾಯ್ ಗೊತ್ತುಮಾಡಿತು. ಆ ಶುಲ್ಕ ಕ್ರಮೇಣ ಇಳಿದು, 2017ರ ಅಕ್ಟೋಬರಿನಲ್ಲಿ ನಿಮಿಷಕ್ಕೆ 6 ಪೈಸೆಯಾಗಿ, 2021ರ ಜನವರಿ 1ರಿಂದ ಸೊನ್ನೆಯಾಯಿತು.

ಬೆಲೆ ಇಳಿದ ದಶಕ

2002ರಿಂದ 2011ರವರೆಗಿನ ಕಾಲ ಸ್ಪರ್ಧೆಯ ಸುಗ್ಗಿ. ಇಬ್ಬರಿದ್ದ ಪೇಟೆಗೆ ಮೂರನೆಯವರಾಗಿ ಸರ್ಕಾರಿ ಕಂಪನಿಗಳು, ನಾಲ್ಕನೆಯವರಾಗಿ ಇನ್ನೊಂದು ಖಾಸಗಿ ಕಂಪನಿ ಬಂದವು. 2002ರ ಕೊನೆಯಲ್ಲಿ ರಿಲಯನ್ಸ್ ಇನ್ಫೋಕಾಮ್ ಬೇರೆ ತಂತ್ರಜ್ಞಾನದೊಡನೆ ಇಳಿಯಿತು. 2003ರ ಮೇ ತಿಂಗಳಿನಿಂದ ಒಳಬರುವ ಕರೆ ಉಚಿತವಾಯಿತು. ಗಾರೆ ಕೆಲಸದವರು, ತರಕಾರಿ ಮಾರುವವರು, ಆಟೋ ಚಾಲಕರು ಮೊಬೈಲ್ ಕೊಂಡದ್ದು ಇದರ ನಂತರವೇ. ಕೈಯಲ್ಲಿ ಹಣವಿಲ್ಲದ ದಿನವೂ ‘ಮಿಸ್ಡ್ ಕಾಲ್’ ಕೊಟ್ಟು ಕೆಲಸ ಸಾಗಿಸುತ್ತಿದ್ದರು. ಮೊದಲೇ ಹಣ ಕಟ್ಟಿ ಬಳಸುವ ಪ್ರೀಪೇಯ್ಡ್ ಪದ್ಧತಿ ದಿನಗೂಲಿಯವರ ಆದಾಯಕ್ಕೆ ಹೊಂದಿಕೊಂಡಿತು: ತಿಂಗಳ ಬಿಲ್ಲು ಎಂಬ ಭಯವಿಲ್ಲ, ಹತ್ತು ರೂಪಾಯಿ ಇದ್ದಾಗ ಹತ್ತು ರೂಪಾಯಿ ಮಾತು.

ಅಂಕಿಗಳನ್ನು ನೋಡಿ. 2002ರ ಮಾರ್ಚಿನಲ್ಲಿ ಮೊಬೈಲ್ ಚಂದಾದಾರರು ಒಂದು ಕೋಟಿಗಿಂತ ಕಡಿಮೆ. 2004ರ ಮಾರ್ಚಿಗೆ ಮೂರು ಕೋಟಿಯನ್ನು ದಾಟಿದರು. ಅದೇ ವರ್ಷ ಮೊಬೈಲುಗಳ ಸಂಖ್ಯೆ ಸ್ಥಿರ ದೂರವಾಣಿಗಳನ್ನು ಮೀರಿತು. 2011ರ ಮಾರ್ಚಿಗೆ 80 ಕೋಟಿಯನ್ನೂ ದಾಟಿತು. 2009ರಲ್ಲಿ ಟಾಟಾ ಡೊಕೊಮೊ ನಿಮಿಷದ ಬದಲು ಸೆಕೆಂಡಿನ ಲೆಕ್ಕದಲ್ಲಿ ಹಣ ಪಡೆಯತೊಡಗಿದಾಗ ಉಳಿದವರೂ ಹಿಂಬಾಲಿಸಬೇಕಾಯಿತು. 2011ರ ಜನವರಿಯಲ್ಲಿ, ನಂಬರು ಬದಲಿಸದೆ ಕಂಪನಿ ಬದಲಿಸುವ ಅವಕಾಶ ದೇಶದಾದ್ಯಂತ ಬಂದಿತು. ಗಿರಾಕಿಯನ್ನು ಕಟ್ಟಿಹಾಕಿದ್ದ ಕೊನೆಯ ಹಗ್ಗವೂ ಸಡಿಲವಾಯಿತು.

ಇದರಿಂದ ಜನರಿಗೆ ಆದ ಲಾಭವನ್ನು ಹೇಗೆ ಅಳೆಯುವುದು? ನಮ್ಮ ದಕ್ಷಿಣ ಕನ್ನಡಕ್ಕೆ ಅಂಟಿಕೊಂಡಿರುವ ಕಾಸರಗೋಡು, ಅದರಾಚೆಯ ಕಣ್ಣೂರು, ಕೋಳಿಕ್ಕೋಡು ಜಿಲ್ಲೆಗಳ ಮೀನುಗಾರರ ಬಗ್ಗೆ ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. 1997ರಿಂದ 2001ರ ನಡುವೆ ಅಲ್ಲಿನ ಕರಾವಳಿಗೆ ಒಂದೊಂದು ಭಾಗವಾಗಿ ಮೊಬೈಲ್ ಸೇವೆ ಬಂದಿತ್ತು. ಅದಕ್ಕೆ ಮೊದಲು ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಮೀನು ಚೆಲ್ಲಿದರೆ, ಕೆಲವೇ ಮೈಲಿ ಆಚೆಯ ದಡದಲ್ಲಿ ಮೀನಿಲ್ಲದೆ ಜನ ಬರಿಗೈಯಲ್ಲಿ ಹಿಂದಿರುಗುತ್ತಿದ್ದರು. ಫೋನು ಬಂದಮೇಲೆ ದೋಣಿಯಿಂದಲೇ ವಿಚಾರಿಸಿ ಬೆಲೆಯಿರುವ ದಡಕ್ಕೆ ಹೋಗತೊಡಗಿದರು. ಮೀನು ವ್ಯರ್ಥವಾಗುವುದು ಬಹುಮಟ್ಟಿಗೆ ನಿಂತಿತು. ಮೀನುಗಾರರ ಲಾಭ ಸುಮಾರು ಶೇಕಡ 8 ಹೆಚ್ಚಿತು. ಕೊಳ್ಳುವವರಿಗೆ ಬೆಲೆ ಸುಮಾರು ಶೇಕಡ 4 ಇಳಿಯಿತು. ಮಾರುವವರಿಗೂ ಕೊಳ್ಳುವವರಿಗೂ ಒಟ್ಟಿಗೆ ಲಾಭವಾಗುವುದು ಅಪರೂಪ. ಮಾಹಿತಿಯ ಬೆಲೆ ಎಂದರೆ ಇದೇ.

ಹಂಚಿಕೆಯಲ್ಲಿ ಎಡವಿದ್ದು

ಸುಗ್ಗಿಯ ನಡುವೆಯೇ ಒಂದು ಬಿರುಗಾಳಿ ಎದ್ದಿತು. 2008ರ ಜನವರಿಯಲ್ಲಿ 122 ಹೊಸ ಪರವಾನಗಿಗಳನ್ನು ‘ಮೊದಲು ಬಂದವರಿಗೆ ಮೊದಲು’ ಎಂಬ ಕ್ರಮದಲ್ಲಿ, 2001ರಲ್ಲಿ ಗೊತ್ತಾಗಿದ್ದ ಬೆಲೆಗೇ ಕೊಡಲಾಯಿತು. 2001ರಲ್ಲಿ ಮೊಬೈಲ್ ಇದ್ದವರು ಒಂದು ಕೋಟಿಗಿಂತ ಕಡಿಮೆ. 2008ರಲ್ಲಿ ಇಪ್ಪತ್ತು ಕೋಟಿಗೂ ಹೆಚ್ಚು. ಪೇಟೆ ಅಷ್ಟು ಬೆಳೆದ ಮೇಲೂ ಹಳೆಯ ಬೆಲೆಯೇ ಸರಿಯೇ? ಇದರಿಂದ 1.76 ಲಕ್ಷ ಕೋಟಿ ರೂಪಾಯಿಯವರೆಗೆ ನಷ್ಟವಾಗಿರಬಹುದು ಎಂದು ಮಹಾಲೇಖಪಾಲರ 2010ರ ವರದಿ ಅಂದಾಜು ಮಾಡಿತು. ಅದು ಊಹೆಯ ಲೆಕ್ಕ ಎಂದು ವಾದಿಸಿದವರೂ ಇದ್ದರು. 2012ರ ಫೆಬ್ರವರಿ 2ರಂದು ಸರ್ವೋಚ್ಚ ನ್ಯಾಯಾಲಯ ಆ 122 ಪರವಾನಗಿಗಳನ್ನೂ ರದ್ದುಪಡಿಸಿತು. ಕ್ರಿಮಿನಲ್ ಮೊಕದ್ದಮೆಯಲ್ಲಿ ಆರೋಪ ಸಾಬೀತಾಗಲಿಲ್ಲವೆಂದು ವಿಶೇಷ ನ್ಯಾಯಾಲಯ 2017ರ ಡಿಸೆಂಬರಿನಲ್ಲಿ ಎಲ್ಲ ಆರೋಪಿಗಳನ್ನೂ ಬಿಡುಗಡೆ ಮಾಡಿತು.

ಈ ಎರಡು ತೀರ್ಪುಗಳನ್ನು ಒಂದರ ಪಕ್ಕ ಒಂದು ಇಟ್ಟು ಓದಿ. ಒಂದು, ಸಾರ್ವಜನಿಕ ಆಸ್ತಿಯನ್ನು ಹಂಚಿದ ರೀತಿ ಸರಿಯೇ ಎಂಬ ಪ್ರಶ್ನೆಗೆ ಉತ್ತರ. ಇನ್ನೊಂದು, ವ್ಯಕ್ತಿಗಳ ಮೇಲಿನ ಅಪರಾಧ ಸಾಬೀತಾಯಿತೇ ಎಂಬ ಪ್ರಶ್ನೆಗೆ ಉತ್ತರ. ಎರಡೂ ಬೇರೆ ಬೇರೆ ಪ್ರಶ್ನೆಗಳು.

ಹತ್ತರಿಂದ ಮೂರಕ್ಕೆ

2010ರ ಸುಮಾರಿಗೆ ಒಂದೊಂದು ವಲಯದಲ್ಲಿ ಹತ್ತಕ್ಕೂ ಹೆಚ್ಚು ಕಂಪನಿಗಳು ಸೆಣಸುತ್ತಿದ್ದವು. ಇಂದು ಎಣಿಸಲು ಒಂದು ಕೈಯ ಬೆರಳುಗಳೇ ಹೆಚ್ಚು. ಏನಾಯಿತು?

ಈ ಉದ್ಯಮದ ಖರ್ಚಿನ ಸ್ವರೂಪದಲ್ಲಿ ಕಾರಣವಿದೆ. ಗೋಪುರ, ಕೇಬಲ್, ತರಂಗಾಂತರ ಇವುಗಳಿಗೆ ಮೊದಲೇ ಸಾವಿರಾರು ಕೋಟಿ ಸುರಿಯಬೇಕು. ಅದಾದ ಮೇಲೆ ಇನ್ನೊಂದು ಕರೆಯನ್ನು ಸಾಗಿಸಲು ತಗಲುವ ಖರ್ಚು ಬಹುತೇಕ ಸೊನ್ನೆ. ಹೊರಡಲು ಸಿದ್ಧವಾಗಿರುವ ಬಸ್ಸಿನ ಖಾಲಿ ಸೀಟಿನಂತೆ ಇದು. ಎಷ್ಟು ಸಿಕ್ಕರೂ ಲಾಭವೇ ಎಂದು ನಿರ್ವಾಹಕ ಕೂಗಿ ಕರೆಯುತ್ತಾನೆ. ಎಲ್ಲ ಬಸ್ಸಿನವರೂ ಹಾಗೆಯೇ ಕೂಗಿದರೆ ಬಸ್ಸಿನ ಸಾಲವನ್ನು ಯಾರೂ ತೀರಿಸಲಾರರು. ಕಡೆಗೆ ಆಳವಾದ ಜೇಬಿನವರು ಮಾತ್ರ ಉಳಿಯುತ್ತಾರೆ.

2016ರ ಸೆಪ್ಟೆಂಬರ್ 5ರಂದು ರಿಲಯನ್ಸ್ ಜಿಯೋ ಸೇವೆ ಆರಂಭಿಸಿ, 2017ರ ಮಾರ್ಚ್ ಕೊನೆಯವರೆಗೂ ಮಾತು, ಅಂತರ್ಜಾಲ ಎರಡನ್ನೂ ಉಚಿತವಾಗಿ ಕೊಟ್ಟಿತು. 2014ರಲ್ಲಿ ಒಂದು ಜಿ.ಬಿ. ದತ್ತಾಂಶಕ್ಕೆ ಸರಾಸರಿ 250 ರೂಪಾಯಿಗೂ ಹೆಚ್ಚಿದ್ದ ಬೆಲೆ 2018ರ ವೇಳೆಗೆ 12 ರೂಪಾಯಿಯ ಆಸುಪಾಸಿಗೆ ಬಂದಿತು. ಗಿರಾಕಿಗಳಿಗೆ ಹಬ್ಬ. ಆದರೆ ಒಂದರ ಹಿಂದೊಂದು ಕಂಪನಿ ಕಣ್ಮರೆಯಾಯಿತು. ಏರ್‌ಸೆಲ್ ದಿವಾಳಿಯಾಯಿತು, ರಿಲಯನ್ಸ್ ಕಮ್ಯುನಿಕೇಷನ್ಸ್ ಮೊಬೈಲ್ ಸೇವೆ ನಿಲ್ಲಿಸಿತು, ಟೆಲಿನಾರ್ ಮತ್ತು ಟಾಟಾದ ಮೊಬೈಲ್ ವ್ಯವಹಾರ ಏರ್‌ಟೆಲ್‌ಗೆ ಸೇರಿದವು, 2018ರ ಆಗಸ್ಟಿನಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದವು.

ಇದರ ಮೇಲೆ ಇನ್ನೊಂದು ಪೆಟ್ಟು. 1999ರಲ್ಲಿ ಒಪ್ಪಿದ ‘ವರಮಾನದಲ್ಲಿ ಪಾಲು’ ನೆನಪಿದೆಯಲ್ಲ? ಯಾವುದು ವರಮಾನ ಎಂಬುದೇ ವಿವಾದವಾಗಿತ್ತು. ಬಾಡಿಗೆ, ಬಡ್ಡಿಯಂಥ ಇತರ ಆದಾಯವೂ ಸೇರಬೇಕು ಎಂದು ಇಲಾಖೆ. ಸೇರಬಾರದು ಎಂದು ಕಂಪನಿಗಳು. 2019ರ ಅಕ್ಟೋಬರ್ 24ರಂದು ಸರ್ವೋಚ್ಚ ನ್ಯಾಯಾಲಯ ಇಲಾಖೆಯ ವಾದವನ್ನು ಎತ್ತಿಹಿಡಿಯಿತು. ಬಡ್ಡಿ, ದಂಡ ಸೇರಿ ಬಾಕಿ ಲಕ್ಷ ಕೋಟಿಯನ್ನು ಮೀರಿತು. ಒಪ್ಪಂದದ ಒಂದು ಪದಕ್ಕೆ ಸ್ಪಷ್ಟ ಅರ್ಥ ಬರೆಯದಿದ್ದರೆ ಎಷ್ಟು ದುಬಾರಿಯಾಗುತ್ತದೆ ನೋಡಿ! ವೊಡಾಫೋನ್ ಐಡಿಯಾ ಕೊಡಬೇಕಾದ ಬಾಕಿಯ ಒಂದು ಭಾಗವನ್ನು ಸರ್ಕಾರ ಷೇರುಗಳಾಗಿ ಪರಿವರ್ತಿಸಿಕೊಂಡಿತು. 2025ರಲ್ಲಿ ಅದರಲ್ಲಿ ಸರ್ಕಾರದ ಪಾಲು ಸುಮಾರು ಶೇಕಡ 49 ಆಯಿತು.

ಸ್ಪರ್ಧೆ ಎಷ್ಟು ಉಳಿದಿದೆ ಎಂದು ಅಳೆಯಲು ಒಂದು ಸುಲಭ ಲೆಕ್ಕವಿದೆ. ಪ್ರತಿ ಕಂಪನಿಯ ಶೇಕಡಾವಾರು ಪಾಲನ್ನು ವರ್ಗ ಮಾಡಿ ಕೂಡಿಸಿ. ಹತ್ತು ಸಮಾನ ಕಂಪನಿಗಳಿದ್ದರೆ 1,000 ಬರುತ್ತದೆ. ಒಂದೇ ಕಂಪನಿಯಿದ್ದರೆ 10,000. 2025ರ ಆರಂಭದಲ್ಲಿ ಮೊಬೈಲ್ ಚಂದಾದಾರರಲ್ಲಿ ಜಿಯೋ ಪಾಲು ಸುಮಾರು 40, ಏರ್‌ಟೆಲ್ 34, ವೊಡಾಫೋನ್ ಐಡಿಯಾ 18, ಬಿ.ಎಸ್.ಎನ್.ಎಲ್. 8. ವರ್ಗಗಳ ಮೊತ್ತ 1,600 + 1,156 + 324 + 64 = 3,144. ಮೂರೇ ಸಮಾನ ಕಂಪನಿಗಳಿರುವ ಪೇಟೆಗೆ ಇದು ಹತ್ತಿರ. 2019, 2021, 2024ರಲ್ಲಿ ಖಾಸಗಿ ಕಂಪನಿಗಳು ಕೆಲವೇ ದಿನಗಳ ಅಂತರದಲ್ಲಿ ಒಂದರ ಹಿಂದೊಂದು ದರ ಏರಿಸಿದುದನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ಯೋಚಿಸಿ.

ಸಿಗ್ನಲ್ ಹುಡುಕಿ ಗುಡ್ಡ ಹತ್ತಿದವರು

ಸ್ಪರ್ಧೆ ಅಗ್ಗ ಮಾಡುತ್ತದೆ. ಆದರೆ ಎಲ್ಲರನ್ನೂ ಮುಟ್ಟುತ್ತದೆಯೇ? 2020-21ರ ಕೊರೋನಾ ಕಾಲದಲ್ಲಿ ತರಗತಿಗಳು ಫೋನಿಗೆ ಬಂದಾಗ ಮಲೆನಾಡು, ಕರಾವಳಿಯ ಅನೇಕ ಹಳ್ಳಿಗಳ ವಿದ್ಯಾರ್ಥಿಗಳು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದರು. ನಿಮ್ಮಲ್ಲಿ ಕೆಲವರಿಗೆ ಇದು ಸ್ವಂತ ನೆನಪೇ ಇರಬಹುದು. ಹತ್ತಾರು ಮನೆಗಳ ಕಣಿವೆಯಲ್ಲಿ ಗೋಪುರ ಕಟ್ಟಿದರೆ ಲಾಭವಿಲ್ಲ. ಆದ್ದರಿಂದ ಒಂದು ಕಂಪನಿಯಿದ್ದರೂ ಕಟ್ಟುವುದಿಲ್ಲ, ಹತ್ತು ಕಂಪನಿಗಳಿದ್ದರೂ ಕಟ್ಟುವುದಿಲ್ಲ. ಇಂದೂ ದೂರವಾಣಿ ಸಾಂದ್ರತೆ ನಗರಗಳಲ್ಲಿ 100ನ್ನು ಮೀರಿದ್ದರೆ, ಹಳ್ಳಿಗಳಲ್ಲಿ 60ರ ಆಸುಪಾಸಿನಲ್ಲಿದೆ.

ಇದನ್ನು ಪೇಟೆಯ ಕೈಗೇ ಬಿಟ್ಟರೆ ಆಗುವುದಿಲ್ಲ. ಇದಕ್ಕಾಗಿಯೇ ಕಂಪನಿಗಳ ವರಮಾನದ ಶೇಕಡ 5ರಷ್ಟನ್ನು ಪಡೆಯುವ ಸಾರ್ವತ್ರಿಕ ಸೇವಾ ನಿಧಿ 2002ರಲ್ಲಿ ಬಂದಿತು. 2023ರ ದೂರಸಂಪರ್ಕ ಕಾಯಿದೆ ಅದನ್ನು ಡಿಜಿಟಲ್ ಭಾರತ್ ನಿಧಿ ಎಂದು ಹೆಸರಿಸಿದೆ. ಗ್ರಾಮ ಪಂಚಾಯಿತಿಗಳಿಗೆ ಬೆಳಕಿನ ತಂತು ಎಳೆಯುವ ಭಾರತ್‌ನೆಟ್ ಯೋಜನೆಗೆ ಹಣ ಈ ನಿಧಿಯಿಂದಲೇ. ತಂತು ಪಂಚಾಯಿತಿ ಕಟ್ಟಡದವರೆಗೆ ಬಂದರೆ ಸಾಲದು, ಅಲ್ಲಿಂದ ಶಾಲೆಗೆ, ಮನೆಗೆ ಮುಟ್ಟಬೇಕು. ಆ ಕೊನೆಯ ಮೈಲಿಯೇ ಕಷ್ಟದ್ದು.

ಸರ್ಕಾರಿ ಕಂಪನಿ ಇರಬೇಕೇ ಎಂಬ ಪ್ರಶ್ನೆಯೂ ಇಲ್ಲೇ ಏಳುತ್ತದೆ. ಬಿ.ಎಸ್.ಎನ್.ಎಲ್. ನಾಲ್ಕನೆಯ ಪೀಳಿಗೆಯ ಸೇವೆಯಲ್ಲಿ ಹಿಂದೆ ಬಿದ್ದು ಗಿರಾಕಿಗಳನ್ನು ಕಳೆದುಕೊಂಡಿತು. ಅದನ್ನು ಎತ್ತಲು ಸರ್ಕಾರ 2019ರಿಂದ ಮತ್ತೆ ಮತ್ತೆ ಹಣ ತೊಡಗಿಸಿದೆ. ಇದು ತೆರಿಗೆದಾರರ ಹಣ, ಲೆಕ್ಕ ಕೇಳಲೇಬೇಕು ಎಂಬ ವಾದದಲ್ಲಿ ಹುರುಳಿದೆ. ಲಾಭವಿಲ್ಲದ ಕಡೆಗೆ ಹೋಗುವವರು ಯಾರು, ದರ ಏರಿದಾಗ ಗಿರಾಕಿ ತಿರುಗಿ ಹೋಗಲು ಇನ್ನೊಂದು ಬಾಗಿಲು ಬೇಡವೇ ಎಂಬ ವಾದದಲ್ಲೂ ಹುರುಳಿದೆ. 2025ರ ಸೆಪ್ಟೆಂಬರಿನಲ್ಲಿ ಅದರ ನಾಲ್ಕನೆಯ ಪೀಳಿಗೆಯ ಸೇವೆ ದೇಶೀಯ ಉಪಕರಣಗಳಿಂದಲೇ ಉದ್ಘಾಟನೆಗೊಂಡಿತು. ಅದರ ತಂತ್ರಜ್ಞಾನ ಒದಗಿಸಿದವರಲ್ಲಿ ಕಿತ್ತೂರಿನ ಕೇಂದ್ರವನ್ನು ರೂಪಿಸಿದ ಅದೇ ಸಿ-ಡಾಟ್, ಜೊತೆಗೆ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಇದ್ದಾರೆ.

ನೆನಪಿನಲ್ಲಿಡಬೇಕಾದದ್ದು

ಏಕಸ್ವಾಮ್ಯದ ಕಾಲದಲ್ಲಿ ದರ, ಸರದಿ ಎರಡೂ ಉದ್ದ. ಸ್ಪರ್ಧೆ ಬಂದಾಗ ಎರಡೂ ಕರಗಿದವು. ಆದರೆ ಸ್ಪರ್ಧೆ ಎಂಬುದು ಒಮ್ಮೆ ನೆಟ್ಟು ಮರೆಯುವ ಮರವಲ್ಲ. ನೀರು, ಕಳೆ, ಬೇಲಿ ನೋಡಿಕೊಳ್ಳದಿದ್ದರೆ ಅದು ತನ್ನಷ್ಟಕ್ಕೆ ಮತ್ತೆ ಏಕಸ್ವಾಮ್ಯದ ಕಡೆಗೆ ವಾಲುತ್ತದೆ. ನಿಯಮ ಮಾಡುವವರು, ತೀರ್ಪುಗಾರರು, ಪ್ರಶ್ನೆ ಕೇಳುವ ಪ್ರಜೆಗಳು ಮೂವರೂ ಎಚ್ಚರವಾಗಿರಬೇಕು. ಟ್ರಾಯ್ ಪ್ರತಿ ಹೊಸ ನಿಯಮಕ್ಕೆ ಮುನ್ನ ಸಮಾಲೋಚನಾ ಪತ್ರ ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಬರೆಯುವ ಹಕ್ಕು ನಿಮಗೂ ಇದೆ.

ನೀವೇ ಮಾಡಿ ನೋಡಿ

1. ನಿಮ್ಮ ತರಗತಿಯ ಮನೆಗಳಲ್ಲಿ ಯಾವ ಕಂಪನಿಯ ಎಷ್ಟು ಸಂಪರ್ಕಗಳಿವೆ ಎಂದು ಪಟ್ಟಿ ಮಾಡಿ. ಶೇಕಡಾವಾರು ತೆಗೆದು ವರ್ಗಗಳ ಮೊತ್ತ ಹಾಕಿ. ದೇಶದ 3,144ಕ್ಕೆ ಹೋಲಿಸಿ. ನಿಮ್ಮ ಊರಿನ ಸಂಖ್ಯೆ ಹೆಚ್ಚಿದ್ದರೆ ಕಾರಣವೇನು?

2. ನಿಮ್ಮ ಊರಿನ ನಕ್ಷೆ ಬರೆದು, ಎಲ್ಲೆಲ್ಲಿ ಸಿಗ್ನಲ್ ಸಿಗುವುದಿಲ್ಲ ಎಂದು ಗುರುತಿಸಿ. ಆ ಜಾಗಗಳಲ್ಲಿ ಯಾರು ವಾಸಿಸುತ್ತಾರೆ ಎಂಬುದನ್ನೂ ಬರೆಯಿರಿ.

3. ಮನೆಯಲ್ಲಿ ತಿಂಗಳಿಗೆ ಎಲ್ಲ ಫೋನುಗಳ ರೀಚಾರ್ಜಿಗೆ ಆಗುವ ಖರ್ಚು ಕೂಡಿಸಿ. 28 ದಿನದ ಯೋಜನೆಯಾದರೆ ವರ್ಷಕ್ಕೆ ಎಷ್ಟು ಸಲ ರೀಚಾರ್ಜ್ ಮಾಡಿಸಬೇಕಾಗುತ್ತದೆ? ಹನ್ನೆರಡೋ, ಹದಿಮೂರೋ? ಭಾಗಿಸಿ ನೋಡಿ. ಸ್ಪರ್ಧೆ ಎಷ್ಟಿದ್ದರೂ ಲೆಕ್ಕ ಬಲ್ಲ ಗಿರಾಕಿಗೆ ಮಾತ್ರ ಅದರ ಪೂರ್ತಿ ಫಲ ಸಿಗುತ್ತದೆ.